ಪ್ರಶ್ನೆ ಇತ್ತು, ಕೇಳೋಕೆ ಬಾಯಿ ಬರಲಿಲ್ಲ

ಕಡಲೆಕಾಯಿ_ಹೊಲ | ಭಾನುವಾರ, ರಾತ್ರಿ 9:40

ನಾನು ಬಿ.ಎಸ್ಸಿ. ಎರಡನೇ ವರ್ಷ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಊರು ಪಾವಗಡ ತಾಲ್ಲೂಕಿನಲ್ಲಿ, ಸೋಲಾರ್ ಪಾರ್ಕಿನ ಪಕ್ಕದಲ್ಲೇ. ಕಾಲೇಜು ಯಾವುದು ಅಂತ ಬರೆಯಲ್ಲ, ಇದು ಕಾಲೇಜಿನ ಮೇಲಿನ ದೂರಲ್ಲ. ಕಳೆದ ಬುಧವಾರ ಕ್ಲಾಸಿನಲ್ಲಿ ಒಂದು ಸಣ್ಣ ಸಂಗತಿ ನಡೀತು. ನಾಲ್ಕು ದಿನದಿಂದ ಅದೇ ತಲೇಲಿ ಕೊರೀತಿದೆ. ಅಮ್ಮನಿಗೆ ಹೇಳಿದ್ರೆ ಗೊತ್ತಾಗಲ್ಲ, ಗೆಳತಿಯರಿಗೆ ಹೇಳೋಕೆ ನಾಚಿಕೆ. ಅದಕ್ಕೆ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ.

ಐದಕ್ಕೆ ಏಳ್ತೀನಿ. ಹಸು ಒಂದಿದೆ, ಹಾಲು ಕರೆದು ಡೇರಿಗೆ ಹಾಕಿ ಬರೋದು ನನ್ನ ಕೆಲಸ. ಏಳಕ್ಕೆ ಸರ್ಕಾರಿ ಬಸ್. ಆಧಾರ್ ತೋರಿಸಿದ್ರೆ ಸಾಕು, ದುಡ್ಡಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರದೇ ಇದ್ದಿದ್ರೆ ಅಪ್ಪ ನನ್ನನ್ನ ಪಿಯುಸಿಗೇ ನಿಲ್ಲಿಸ್ತಿದ್ರೋ ಏನೋ. ಆ ಬಸ್ ತಪ್ಪಿದ್ರೆ ಪ್ರೈವೇಟ್ ಬಸ್ಸಿಗೆ ಕಾಯಬೇಕು, ಅದಕ್ಕೆ ಚಾರ್ಜ್ ಕೊಡಬೇಕು. ನಡುವೆ ಒಂದು ಕಡೆ ಇಳಿದು ಇನ್ನೊಂದು ಬಸ್ ಹತ್ತಬೇಕು. ಸಂಜೆ ಮನೆ ಸೇರುವಾಗ ಆರೂವರೆ. ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಬಸ್ಸಿನಲ್ಲೇ ಹೋಗುತ್ತೆ. ಸೀಟ್ ಸಿಕ್ಕಿದ ದಿನ ಓದ್ತೀನಿ. ರೆಕಾರ್ಡ್ ಮಾತ್ರ ಬಸ್ಸಿನಲ್ಲಿ ಬರೆಯೋಕಾಗಲ್ಲ, ಗ್ರಾಫ್ ಸೊಟ್ಟ ಆಗುತ್ತೆ.

ಇನ್ನು ಭಾಷೆ. ನಮ್ಮ ಕಡೆ ಸುತ್ತಲೂ ಆಂಧ್ರ. ಮನೇಲಿ ತೆಲುಗು. ಶಾಲೆ ಪೂರ್ತಿ ಕನ್ನಡ ಮೀಡಿಯಂ. ಹತ್ತನೇ ಕ್ಲಾಸಿನವರೆಗೆ ನಾನು ವಿಜ್ಞಾನದಲ್ಲಿ ಮುಂದಿದ್ದೆ. ವೇಗೋತ್ಕರ್ಷ, ಸಂವೇಗ, ವಿದ್ಯುತ್ಕಾಂತೀಯ ಪ್ರೇರಣೆ, ವರ್ಗ ಸಮೀಕರಣ, ಈ ಪದಗಳನ್ನ ನಾನು ಬೋರ್ಡಿನ ಮುಂದೆ ನಿಂತು ಧೈರ್ಯವಾಗಿ ಹೇಳ್ತಿದ್ದೆ. ಪಿಯುಸಿ ಸೈನ್ಸಿಗೆ ಸೇರಿದ ಮೊದಲ ವಾರ ಮೇಡಂ ಬೋರ್ಡ್ ಮೇಲೆ ‘ಆಕ್ಸಿಲರೇಷನ್’ ಅಂತ ಬರೆದ್ರು. ಅದು ನನ್ನ ವೇಗೋತ್ಕರ್ಷನೇ ಅಂತ ಗೊತ್ತಾಗೋಕೆ ಮೂರು ದಿನ ಬೇಕಾಯ್ತು. ಆಮೇಲೆ ಎರಡು ವರ್ಷ ಬಾಯಿಪಾಠ. ಡೆರಿವೇಷನ್ ಬಾಯಿಪಾಠ, ಡೆಫಿನಿಷನ್ ಬಾಯಿಪಾಠ. ಮಾರ್ಕ್ಸ್ ಚೆನ್ನಾಗೇ ಬಂತು. ಆ ಮಾರ್ಕ್ಸ್ ನೋಡಿ ಊರಿನವರು ಹೊಗಳುವಾಗ ನನಗೆ ಒಳಗೆ ಹಿಂಸೆ ಆಗ್ತಿತ್ತು. ಎಷ್ಟು ಅರ್ಥ ಆಗಿದೆ ಅನ್ನೋದು ನನಗೊಬ್ಬಳಿಗೇ ಗೊತ್ತಿತ್ತು.

ಬುಧವಾರದ ವಿಷಯ. ಸರ್ ಸೆಮಿಕಂಡಕ್ಟರ್ (ಅರೆವಾಹಕ) ಪಾಠ ಮಾಡ್ತಿದ್ರು. ಪಿ-ಎನ್ ಜಂಕ್ಷನ್, ಅಂದ್ರೆ ಎರಡು ಬಗೆಯ ಸೆಮಿಕಂಡಕ್ಟರ್ ಸೇರೋ ಜಾಗ, ಅದನ್ನ ಮುಗಿಸಿ ಸೋಲಾರ್ ಸೆಲ್‌ಗೆ ಬಂದ್ರು. ನನಗೆ ಮೈಯೆಲ್ಲಾ ಕಿವಿ. ಯಾಕಂದ್ರೆ ನಮ್ಮ ನಾಲ್ಕು ಎಕರೆ ಆ ಪಾರ್ಕಿನೊಳಗೇ ಇದೆ. ಮೊದಲು ಅಪ್ಪ ಅಲ್ಲಿ ಕಡಲೆಕಾಯಿ ಹಾಕ್ತಿದ್ರು, ಮಳೆ ಬಂದ್ರೆ ಬೆಳೆ, ಇಲ್ಲಾಂದ್ರೆ ಸಾಲ. ಈಗ ಗುತ್ತಿಗೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾಗಿದ್ದು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಜಾಸ್ತಿ ಮಾಡ್ತಾರೆ. ನನ್ನ ಕಾಲೇಜು ಫೀಸು, ಪುಸ್ತಕ, ಲ್ಯಾಬ್ ಕೋಟು ಎಲ್ಲ ಆ ದುಡ್ಡಿನದೇ. ಬಸ್ಸಿನ ಕಿಟಕಿಯಿಂದ ದಿನಾ ಆ ಪ್ಯಾನೆಲ್‌ಗಳನ್ನ ನೋಡ್ತೀನಿ, ಕಣ್ಣು ಹರಿದಷ್ಟು ದೂರ ಅವೇ.

ನಮ್ಮ ದೊಡ್ಡಪ್ಪನ ಮಗ, ಅಣ್ಣ, ಅಲ್ಲೇ ಕೆಲಸಕ್ಕೆ ಹೋಗ್ತಾನೆ. ಹುಲ್ಲು ಕೊಯ್ಯೋದು, ಪ್ಯಾನೆಲ್ ಒರೆಸೋದು. ಹೋದ ವರ್ಷ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ್ದ. ‘ಪ್ಯಾನೆಲ್ ಕಾದ್ರೆ ಕರೆಂಟು ಇಳಿಯುತ್ತಂತೆ, ತಣ್ಣಗಿದ್ರೆ ಚೆನ್ನಾಗಿ ಬರುತ್ತಂತೆ. ಇಂಜಿನಿಯರ್‌ಗಳು ಮಾತಾಡ್ಕೊಳ್ತಿದ್ರು.’ ನನಗೆ ಆಶ್ಚರ್ಯ. ಬಿಸಿಲಿನಿಂದ ಕರೆಂಟು ತೆಗೆಯೋ ವಸ್ತು, ಬಿಸಿಯಾದರೆ ಯಾಕೆ ಕಡಿಮೆ ಕೊಡಬೇಕು? ಒಂದು ವರ್ಷದಿಂದ ಈ ಪ್ರಶ್ನೆ ಇಟ್ಟುಕೊಂಡಿದೀನಿ.

ಪಾಠ ಮುಗಿಸಿ ಸರ್ ಕೇಳಿದ್ರು, ‘ಎನಿ ಡೌಟ್ಸ್?’ ನಾನು ಮನಸ್ಸಿನಲ್ಲಿ ಇಂಗ್ಲಿಷ್ ಜೋಡಿಸೋಕೆ ಶುರು ಮಾಡಿದೆ. ‘ವೈ’ ಬಂತು. ಆಮೇಲೆ ‘ಹೀಟ್’ ಅನ್ನಬೇಕೋ ‘ಟೆಂಪರೇಚರ್’ ಅನ್ನಬೇಕೋ. ‘ಡಸ್’ ಬರಬೇಕೋ ‘ಇಸ್’ ಬರಬೇಕೋ. ಅಷ್ಟರಲ್ಲಿ ಹಿಂದಿನ ಬೆಂಚಿನವರು ‘ನೋ ಸರ್’ ಅಂದ್ರು. ಸರ್ ಡಸ್ಟರ್ ಎತ್ತಿಕೊಂಡು ಬೋರ್ಡ್ ಒರೆಸಿದ್ರು. ನನ್ನ ಬಾಯಿ ಅರ್ಧ ತೆಗೆದಿತ್ತು.

ಮನೆಗೆ ಬರುವಾಗ ಪ್ಯಾನೆಲ್‌ಗಳನ್ನ ನೋಡೋಕೆ ಆಗಲಿಲ್ಲ, ಬಸ್ಸಿನ ಇನ್ನೊಂದು ಕಡೆ ಕೂತೆ.

ಕನ್ನಡ ಮೀಡಿಯಂನಿಂದ ಬಂದವರು ಇಲ್ಲಿ ತುಂಬಾ ಜನ ಇದೀರಿ. ನೀವು ಇದನ್ನ ಹೇಗೆ ದಾಟಿದ್ರಿ? ದಾಟಿದ್ರಾ?

ಮಲಪ್ರಭಾ_ದಂಡೆ | ಭಾನುವಾರ, ರಾತ್ರಿ 10:15

ತಂಗೀ, ಎರಡ ಸಲ ಓದಿದ್ನಿ. ಬಸ್ಸಿನ ಇನ್ನೊಂದ ಕಡೆ ಕುಂತೆ ಅಂದೆಲ್ಲ, ಅಲ್ಲಿ ನನ್ನ ಕಣ್ಣಾಗ ನೀರ ಬಂತು.

ನಾ ಧಾರವಾಡದಾಗ ಬಿ.ಎ. ಓದಾಕತ್ತೀನಿ, ಇಕನಾಮಿಕ್ಸ್ ಮತ್ತ ಹಿಸ್ಟರಿ. ಸಪ್ತಾಪುರದಾಗ ಒಂದ ರೂಮಿನ್ಯಾಗ ನಾಕ ಮಂದಿ ಅದೀವಿ. ಊರಿಂದ ಅವ್ವ ರೊಟ್ಟಿ ಬುತ್ತಿ ಕಟ್ಟಿ ಬಸ್ಸಿಗೆ ಕೊಟ್ಟ ಕಳಸ್ತಾಳ, ನಾವು ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡ ಬರ್ತೀವಿ. ಬುತ್ತಿ ಬಂದ ದಿನ ನಾಕೂ ಮಂದಿ ಕೂಡೇ ಉಣ್ತೀವಿ. ಮುಂಜಾನೆ ಕ್ಲಾಸು, ಮಧ್ಯಾಹ್ನ ಮ್ಯಾಲ ಪಿಎಸ್‌ಐ, ಎಫ್‌ಡಿಎ ಪರೀಕ್ಷಾದ ತಯಾರಿ. ರೀಡಿಂಗ್ ರೂಮಿನ್ಯಾಗ ಜಾಗ ಹಿಡೀಬೇಕಂದ್ರ ನಸುಕಿನ್ಯಾಗ ಹೋಗಬೇಕು.

ಫಸ್ಟ್ ಸೆಮ್ಮಿನ್ಯಾಗ ನಮ್ಮ ಇಕನಾಮಿಕ್ಸ್ ಸರ್ ‘ಆಪರ್ಚುನಿಟಿ ಕಾಸ್ಟ್’ ಅಂತ ಹೇಳಿದ್ರು. ಇಂಗ್ಲಿಷಿನ್ಯಾಗ ಓದಿದ್ರೂ ತಿಳೀಲಿಲ್ಲ, ಕನ್ನಡ ಗೈಡಿನ್ಯಾಗ ‘ಅವಕಾಶ ವೆಚ್ಚ’ ಅಂತ ಇತ್ತು, ಅದೂ ತಿಳೀಲಿಲ್ಲ. ಒಂದಿನ ಅವರ ಕೇಳಿದ್ರು, ‘ನಿಮ್ಮ ಹೊಲದಾಗ ಈ ವರ್ಷ ಹತ್ತಿ ಹಾಕಿದ್ರ ಏನ ಬಿಟ್ರಿ?’ ‘ಜ್ವಾಳ ಬಿಟ್ವಿ ಸರ್’ ಅಂದ್ನಿ. ‘ಆ ಬಿಟ್ಟ ಜ್ವಾಳಾನ ಅದು’ ಅಂದ್ರು. ಅಷ್ಟ. ಅವತ್ತಿಂದ ನನಗ ಆ ವಿಷಯದ ಬಗ್ಗೆ ಅಂಜಿಕಿ ಹೋತು. ನಿನ್ನ ಪ್ರಶ್ನಿ ಅಂತೂ ನಿಮ್ಮ ಹೊಲದಾಗ ಹುಟ್ಟಿದ್ದು. ಅದನ್ನ ಹ್ಯಾಂಗ ಹುಟ್ಟೇತಿ ಹಂಗ ಕೇಳು.

ವೈಟ್‌ಫೀಲ್ಡ್_ವಾಸಿ | ಭಾನುವಾರ, ರಾತ್ರಿ 10:50

ಕಷ್ಟದ ಮಾತೊಂದು ಹೇಳ್ತೀನಿ ತಂಗಿ, ಬೇಜಾರು ಮಾಡ್ಕೋಬೇಡ. ನಾನೂ ಹಾಸನ ಜಿಲ್ಲೆ, ಹತ್ತರವರೆಗೆ ಕನ್ನಡ ಮೀಡಿಯಂ, ಆಮೇಲೆ ವಿಟಿಯು ಕಾಲೇಜೊಂದರಲ್ಲಿ ಇಂಜಿನಿಯರಿಂಗ್. ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸ.

ಇಲ್ಲಿ ಎಲ್ಲರೂ ‘ಕನ್ನಡದಲ್ಲೇ ಕೇಳು’ ಅಂತ ಹೇಳ್ತಾರೆ. ಕೇಳೋಕೆ ಹಿತವಾಗಿರುತ್ತೆ. ನಾಳೆ ನೀನು ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೀತೀಯ, ಇಂಟರ್‌ವ್ಯೂಗೆ ಹೋಗ್ತೀಯ. ಅಲ್ಲಿ ಯಾರೂ ಕನ್ನಡದಲ್ಲಿ ಕೇಳಲ್ಲ. ನನ್ನ ಮೊದಲ ಮೂರು ಇಂಟರ್‌ವ್ಯೂ ಹೋಗಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದ ಉತ್ತರ ಬಾಯಿಂದ ಹೊರಗೆ ಬರಲಿಲ್ಲ. ಆಮೇಲೆ ಆರು ತಿಂಗಳು ಪಟ್ಟು ಹಿಡಿದೆ. ದಿನಾ ಒಂದು ಪುಟ ಜೋರಾಗಿ ಓದ್ತಿದ್ದೆ, ಓದಿದ್ದನ್ನ ಪುಸ್ತಕ ಮುಚ್ಚಿ ನನ್ನ ಇಂಗ್ಲಿಷಿನಲ್ಲಿ ಹೇಳ್ತಿದ್ದೆ. ತಪ್ಪೋ ಸರಿಯೋ. ನಾಲ್ಕನೇ ಇಂಟರ್‌ವ್ಯೂನಲ್ಲಿ ಆಯ್ತು.

ಸಹಾನುಭೂತಿ ಬೇರೆ, ದಾರಿ ಬೇರೆ. ದಿನಾ ನಾಲ್ಕು ಗಂಟೆ ಬಸ್ಸಿನಲ್ಲಿ ಇರ್ತೀಯ. ಅದರಲ್ಲಿ ಅರ್ಧ ಗಂಟೆ ಇಂಗ್ಲಿಷಿಗೆ ಕೊಡು.

ಕರಾವಳಿ_ಮಳೆ | ಸೋಮವಾರ, ಬೆಳಿಗ್ಗೆ 6:30

ನಾನು ದಕ್ಷಿಣ ಕನ್ನಡದವಳು, ಬಿ.ಕಾಂ. ಮನೆಯಲ್ಲಿ ತುಳು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ವೈಟ್‌ಫೀಲ್ಡ್ ಅಣ್ಣನ ಲೆಕ್ಕದಲ್ಲಿ ನನಗೆ ಯಾವ ತೊಂದರೆಯೂ ಇರಬಾರದು. ಆದರೆ ಎರಡೂವರೆ ವರ್ಷದಲ್ಲಿ ನಾನು ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದಿಲ್ಲ. ಒಂದೂ ಇಲ್ಲ.

ನಮ್ಮಲ್ಲಿ ಶಿಸ್ತು ಜೋರು. ಫೋನ್ ತಂದರೆ ದಂಡ, ಅಟೆಂಡೆನ್ಸ್ 75ಕ್ಕಿಂತ ಕೆಳಗೆ ಹೋದರೆ ಮನೆಯವರನ್ನು ಕರೆಸುತ್ತಾರೆ. ಬೆಂಚಿನಲ್ಲಿ ಕೂತು ಬರೆದುಕೊಳ್ಳುವುದು, ಅಷ್ಟೇ. ಯಾರಾದರೂ ಎದ್ದು ನಿಂತರೆ ಉಳಿದವರು ತಿರುಗಿ ನೋಡುತ್ತಾರೆ. ಆ ನೋಟ ಉಂಟಲ್ಲ, ಅದಕ್ಕೆ ಹೆದರಿ ಕೂತವಳು ನಾನು. ಹಾಗಾಗಿ ಇದು ಬರೀ ಭಾಷೆಯದ್ದು ಅಂತ ನನಗೆ ಅನಿಸುವುದಿಲ್ಲ. ಶಾಲೆಯಿಂದಲೇ ನಮಗೆ ಉತ್ತರ ಹೇಳಲಿಕ್ಕೆ ಕಲಿಸಿದ್ದಾರೆ, ಕೇಳಲಿಕ್ಕೆ ಕಲಿಸಲಿಲ್ಲ. ನಿಮಗೆ ಒಂದು ವರ್ಷದಿಂದ ಪ್ರಶ್ನೆ ಉಂಟು ಅಂತ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ.

ತುಂಗೆ_ತಾಯಿ | ಸೋಮವಾರ, ಬೆಳಿಗ್ಗೆ 11:05

ಐದಕ್ಕೆ ಎದ್ದು, ಡೇರಿಗೆ ಹೋಗಿ, ಏಳಕ್ಕೆ ಬಸ್ಸು. ತಿಂಡಿ ಯಾವಾಗ ತಿಂತೀಯಮ್ಮ? ನನ್ನ ಮಗಳೂ ಹೀಗೇ, ಖಾಲಿ ಹೊಟ್ಟೇಲಿ ಹೋಗಿ ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದಿದ್ಲು. ಒಂದು ಡಬ್ಬಿ ಚಿತ್ರಾನ್ನವೋ, ಎರಡು ಬಾಳೆಹಣ್ಣೋ ಇಟ್ಕೊ.

ಇನ್ನೊಂದು ಮಾತು. ನಿಮ್ಮದು ರೈತ ಕುಟುಂಬ, ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಬರ್ತಿದೆಯಾ? ಡಿಗ್ರಿ ಓದೋ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ಅಂತ ಇತ್ತು. ಎಸ್‌ಎಸ್‌ಪಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜೀನೂ ಕೊನೇ ದಿನದವರೆಗೆ ಬಿಡಬೇಡ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ನನ್ನ ಮಗಳದ್ದು ಒಂದು ವರ್ಷ ಬರಲೇ ಇಲ್ಲ. ಓಟಿಪಿ ಅವರಪ್ಪನ ಫೋನಿಗೆ, ಅವರು ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಸೈಬರ್ ಸೆಂಟರಿನಲ್ಲಿ ಕೂತು ಅತ್ತಿದ್ಲು. ಈ ಮಕ್ಕಳ ಓದಿನಲ್ಲಿ ಓದೋದಕ್ಕಿಂತ ಈ ಓಡಾಟವೇ ಜಾಸ್ತಿ ಆಗಿದೆ.

ಕಡಲೆಕಾಯಿ_ಹೊಲ | ಸೋಮವಾರ, ಸಂಜೆ 7:20

ಎಲ್ಲರಿಗೂ ನಮಸ್ಕಾರ. ಬಸ್ಸಿನಲ್ಲಿ ಒಂದೊಂದೇ ಓದ್ಕೊಂಡು ಬಂದೆ.

ಅಮ್ಮ, ಡಬ್ಬಿ ಒಯ್ತೀನಿ, ಒಂಬತ್ತಕ್ಕೆ ಸ್ಟ್ಯಾಂಡಿನಲ್ಲಿ ತಿಂತೀನಿ. ರೈತ ವಿದ್ಯಾನಿಧಿ ಒಂದು ಸಲ ಬಂದಿತ್ತು, ಈ ವರ್ಷದ್ದು ವಿಚಾರಿಸ್ತೀನಿ.

ವೈಟ್‌ಫೀಲ್ಡ್ ಅಣ್ಣ, ನೀವು ಹೇಳಿದ್ದು ನಿಜ. ನಾನು ಇಂಗ್ಲಿಷ್ ಬೇಡ ಅನ್ನಲ್ಲ, ಕಲೀತೀನಿ. ಆದರೆ ಇಂಗ್ಲಿಷ್ ಬರೋವರೆಗೆ ಫಿಸಿಕ್ಸ್ ಕಾಯಲ್ಲ ಅಲ್ವಾ? ಈ ಸೆಮ್ ಮುಗಿದ್ರೆ ಸೆಮಿಕಂಡಕ್ಟರ್ ಮುಗೀತು. ನಮ್ಮ ಬ್ಯಾಚಿನಿಂದ ಮತ್ತೆ ಮೂರು ವರ್ಷದ ಡಿಗ್ರಿ. ನಮ್ಮ ಸೀನಿಯರ್‌ಗಳು 2021ರ ಹೊಸ ಪದ್ಧತಿಯವರು (ಎನ್‌ಇಪಿ, ನಾಲ್ಕು ವರ್ಷದ ಡಿಗ್ರಿಯದು), ಅವರ ನೋಟ್ಸ್ ನಮಗೆ ಅರ್ಧಕ್ಕರ್ಧ ಹೊಂದಲ್ಲ. ಹಳೇ ಕೊಶ್ಚನ್ ಪೇಪರೂ ಹೆಚ್ಚು ಇಲ್ಲ. ಇರೋದು ಸರ್ ಹೇಳೋ ಪಾಠ ಒಂದೇ. ಅದರಲ್ಲೇ ಕೇಳದೇ ಹೋದ್ರೆ ಎಲ್ಲಿ ಕೇಳೋದು?

ಕರಾವಳಿಯ ಅಕ್ಕ, ನಿಮ್ಮ ಮಾತು ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಇಂಗ್ಲಿಷ್ ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡಿದ್ದೆ.

ಭೀಮಾ_ತೀರ | ಸೋಮವಾರ, ರಾತ್ರಿ 8:45

ನಾ ಕಲಬುರಗಿ ಕಡಿಯಾಕಿ, ಹಾಸ್ಟೆಲ್‌ನಾಗ ಇರ್ತೀನಿ. ಮೊದಲ ವರ್ಷ ನಾನೂ ಊರಿಂದನೇ ಓಡಾಡ್ತಿದ್ದೆ. ಬಸ್ಸು ತುಂಬಿ ಬಂದ್ರ ನಮ್ಮೂರ ಕ್ರಾಸಿಗಿ ನಿಲ್ತಿರಲಿಲ್ಲ. ಕೈ ಮಾಡಿ ಮಾಡಿ ಸಾಕಾಗಿ ವಾಪಸ್ ಮನಿಗಿ ಹೋದ ದಿನ ಭಾಳ ಅವ. ಹಂಗ ಹೋಗಿ ಹೋಗಿ ಅಟೆಂಡೆನ್ಸ್ ಕಮ್ಮಿ ಬಿತ್ತು. ಹಾಸ್ಟೆಲ್ ಸಿಕ್ಕ ಮ್ಯಾಲೆ ಜೀವಕ್ಕ ಸಮಾಧಾನ ಆತು.

ಅಕ್ಕೋರೇ ನಿಮಗ ಒಂದ ಹೇಳ್ತೀನಿ, ನಮ್ಮ ಹಾಸ್ಟೆಲ್‌ನಾಗ ರಾತ್ರಿ ಊಟ ಆದ ಮ್ಯಾಲೆ ಐದು ಮಂದಿ ಕೂಡ್ತೀವಿ. ಅವತ್ತಿನ ಕ್ಲಾಸಿನಾಗ ತಿಳೀಲಾರದ್ದು ಒಬ್ಬೊಬ್ಬರು ಒಂದೊಂದು ಹೇಳಬೇಕು. ‘ಎಲ್ಲಾ ತಿಳೀತು’ ಅನ್ನಂಗಿಲ್ಲ, ಅದು ನಮ್ಮ ರೂಲು. ಹಿಂದಿ, ಉರ್ದು, ಕನ್ನಡ, ತೆಲುಗು, ಬಂದ ಭಾಷಾದಾಗ ಹೇಳ್ತೀವಿ. ಮೊದಮೊದಲು ನಾಚಿಕಿ ಬರ್ತಿತ್ತು. ಈಗ ಕ್ಲಾಸಿನಾಗ ಕೂತಾಗೇ ರಾತ್ರಿ ಏನು ಕೇಳ್ಬೇಕು ಅಂತ ಬರ್ಕೋತೀನಿ. ನಿಮ್ಮ ಬಸ್ಸಿನಾಗ ನಿಮ್ಮ ಕಾಲೇಜಿನ ಹುಡುಗಿಯರು ಇದ್ದೇ ಇರ್ತಾರಲ್ಲ?

ಅತಿಥಿ_ಮೇಷ್ಟ್ರು | ಸೋಮವಾರ, ರಾತ್ರಿ 11:30

ನಾನು ಬೇರೆ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಫಿಸಿಕ್ಸ್ ಅತಿಥಿ ಉಪನ್ಯಾಸಕ, ಒಂಬತ್ತು ವರ್ಷ ಆಯಿತು. ಬೋರ್ಡಿನ ಈ ಕಡೆಯಿಂದ ಎರಡು ಮಾತು.

‘ಎನಿ ಡೌಟ್ಸ್’ ಅಂತ ನಾವು ಕೇಳುವುದು ಬೆಲ್ ಹೊಡೆಯಲು ಎರಡು ನಿಮಿಷ ಇರುವಾಗ. ಆ ಹೊತ್ತಿಗೆ ನಮ್ಮ ಮನಸ್ಸು ಮುಂದಿನ ಕ್ಲಾಸಿನಲ್ಲಿ ಇರುತ್ತದೆ. ನಿಜ ಹೇಳಬೇಕೆಂದರೆ ‘ನೋ ಸರ್’ ಎಂಬ ಉತ್ತರಕ್ಕೇ ನಾವು ಕಾಯುತ್ತಿರುತ್ತೇವೆ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಿಮ್ಮ ಪೋಸ್ಟ್ ಓದಿದ ಮೇಲೆ ಇವತ್ತು ಕ್ಲಾಸಿನಲ್ಲಿ ಪಾಠದ ನಡುವೆಯೇ ನಿಲ್ಲಿಸಿ, ‘ಇಲ್ಲಿವರೆಗೆ ಏನು ತಿಳೀಲಿಲ್ಲ, ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡಿ, ಹೆಸರು ಬೇಡ’ ಅಂದೆ. ನಲವತ್ತೆರಡು ಮಕ್ಕಳಲ್ಲಿ ಮೂವತ್ತೊಂದು ಚೀಟಿ ಬಂತು. ಒಂಬತ್ತು ವರ್ಷದಲ್ಲಿ ನನಗೆ ಅಷ್ಟು ಪ್ರಶ್ನೆ ಒಟ್ಟು ಸೇರಿ ಬಂದಿರಲಿಲ್ಲ.

ನಮ್ಮ ಕಡೆಯ ಕಷ್ಟವೂ ಇದೆ. ಸೇವಾ ಭದ್ರತೆ ಇಲ್ಲ, ಪ್ರತಿ ವರ್ಷ ಹೊಸದಾಗಿ ಅರ್ಜಿ. 2023ರ ನವೆಂಬರ್‌ನಲ್ಲಿ ನಾವು ಮುಷ್ಕರ ಕೂತಾಗ ವಾರಗಟ್ಟಲೆ ಪಾಠ ನಿಂತವು. ನಮ್ಮ ಬೇಡಿಕೆ ನ್ಯಾಯವಾಗಿತ್ತು, ನಷ್ಟ ಮಾತ್ರ ನಿಮ್ಮಂಥ ಮಕ್ಕಳಿಗೆ ಆಯಿತು. ಆ ಸೆಮ್ಮಿನ ಪಾಠವನ್ನು ಹತ್ತು ದಿನದಲ್ಲಿ ಓಡಿಸಿದ್ದೆ. ಮರೆತಿಲ್ಲ.

ಈಗ ನಿಮ್ಮ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ.

ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ನಮಗೆ ಒಂದೇ ಅನಿಸುತ್ತದೆ. ಬೆಳಕಿನ ಕಣ ಸಿಲಿಕಾನ್‌ಗೆ ಬಡಿದಾಗ ಕಟ್ಟಿಹಾಕಿದ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ಅದರ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಪಿ-ಎನ್ ಜಂಕ್ಷನ್‌ನಲ್ಲಿರುವ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಒಂದು ಕಡೆಗೆ, ರಂಧ್ರವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಅದರಿಂದ ವೋಲ್ಟೇಜ್.

ನಿಮ್ಮ ಹೊಲದಲ್ಲಿ ಒಂದು ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಒಳಗೆ ಬರುವ ನೀರು ಬೆಳಕಿನಿಂದ ಹುಟ್ಟುವ ಕರೆಂಟ್. ನಿಂತ ನೀರಿನ ಮಟ್ಟ ವೋಲ್ಟೇಜ್. ಕಟ್ಟೆ ಸ್ವಲ್ಪ ಸೋರುತ್ತದೆ, ಮಟ್ಟ ಏರಿದಷ್ಟೂ ಸೋರಿಕೆ ಹೆಚ್ಚು. ಬರುವುದು ಮತ್ತು ಸೋರುವುದು ಸಮವಾದ ಕಡೆ ಮಟ್ಟ ನಿಲ್ಲುತ್ತದೆ. ಪ್ಯಾನೆಲ್ ಕಾದಾಗ ಏನಾಗುತ್ತದೆ? ಶಾಖದಿಂದಲೇ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರದ ಜೋಡಿಗಳು ಹೆಚ್ಚುತ್ತವೆ, ಜಂಕ್ಷನ್ ಹೆಚ್ಚು ಸೋರುತ್ತದೆ. ಬರುವ ನೀರು ಅಷ್ಟೇ, ಸೋರಿಕೆ ಜಾಸ್ತಿ, ಆದ್ದರಿಂದ ಮಟ್ಟ ಕೆಳಗೆ ನಿಲ್ಲುತ್ತದೆ. ಅಂದರೆ ವೋಲ್ಟೇಜ್ ಇಳಿಯುತ್ತದೆ, ಅದರ ಜೊತೆಗೆ ಪ್ಯಾನೆಲ್ ಕೊಡುವ ಶಕ್ತಿಯೂ ಇಳಿಯುತ್ತದೆ.

ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿರುವ ವ್ಯಾಟ್ ಲೆಕ್ಕ ಪ್ಯಾನೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಾಗಿನದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದರೂ ಸಾಮಾನ್ಯ ಸಿಲಿಕಾನ್ ಪ್ಯಾನೆಲ್ಲಿನ ಶಕ್ತಿ ಸುಮಾರು ಶೇ 0.3ರಿಂದ 0.5ರಷ್ಟು ಇಳಿಯುತ್ತದೆ. ಬೇಸಿಗೆ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದರೆ ಹೆಚ್ಚೂಕಡಿಮೆ ಏಳರಲ್ಲಿ ಒಂದು ಪಾಲು ಹೋಯಿತು. ನಿಮ್ಮ ಅಣ್ಣ ಕೇಳಿಸಿಕೊಂಡದ್ದು ಇದನ್ನೇ.

ಆದರೆ ಒಂದು ವಿನಂತಿ. ಉತ್ತರ ಸಿಕ್ಕಿತು ಅಂತ ನಿಲ್ಲಬೇಡಿ. ನಿಮ್ಮ ಸರ್ ಹತ್ತಿರ ಹೋಗಿ ಕೇಳಿ. ಕ್ಲಾಸಿನಲ್ಲಿ ಆಗದಿದ್ದರೆ ಸ್ಟಾಫ್ ರೂಮಿನಲ್ಲಿ. ಇಂಥ ಪ್ರಶ್ನೆ ಬಂದ ದಿನ ನಮಗೆ ಮನೆಗೆ ಹೋಗುವಾಗ ಸಂತೋಷವಾಗಿರುತ್ತದೆ.

ನಿವೃತ್ತ_ರಸಾಯನ | ಮಂಗಳವಾರ, ಬೆಳಿಗ್ಗೆ 8:10

ಮೇಷ್ಟ್ರ ಕಟ್ಟೆಯ ಉದಾಹರಣೆ ಓದಿ ಮನಸ್ಸು ತುಂಬಿತು. ನಾನು ಮೈಸೂರಿನವನು, ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು.

ಕನ್ನಡದಲ್ಲಿ ವಿಜ್ಞಾನ ಹೇಳುವುದು ಇವತ್ತಿನ ಹಂಬಲವಲ್ಲ ಮಗಳೇ. 1918ರಲ್ಲೇ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಟಿತು. ಅದನ್ನು ನಡೆಸಿದ ಇಬ್ಬರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪನವರು, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ನಿಮ್ಮದೇ ತುಮಕೂರು ಸೀಮೆಯ ಬೆಳ್ಳಾವಿಯ ಹೆಸರು ಅವರ ಹೆಸರಿನಲ್ಲಿದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕಲಿಸಿ, ಹೊರಗೆ ಬಂದು ಕನ್ನಡದಲ್ಲಿ ಬರೆಯುವ ಆ ದುಡಿಮೆ ಎರಡು ವರ್ಷಕ್ಕೇ ನಿಂತುಹೋಯಿತು. ಆಮೇಲೆ ಬಹಳ ಜನ ಮುಂದುವರಿಸಿದರು.

ಆದರೆ ಕನ್ನಡ ಪದ ಬಂದರೆ ಸಾಕು ಎಂದು ನಾನು ಹೇಳಲಾರೆ. ‘ಉತ್ಕರ್ಷಣ, ಅಪಕರ್ಷಣ’ ಎಂದು ಹೇಳಿಕೊಟ್ಟಾಗಲೂ ಮಕ್ಕಳ ಮುಖ ಖಾಲಿಯೇ ಇರುತ್ತಿತ್ತು. ‘ಆಕ್ಸಿಡೇಷನ್, ರಿಡಕ್ಷನ್’ ಎಂದಾಗಲೂ ಖಾಲಿ. ಎರಡೂ ಅವರ ಮನೆಯ ಮಾತಲ್ಲ. ನೇಗಿಲ ಗುಳ ಮಳೆಗಾಲದಲ್ಲಿ ಯಾಕೆ ತುಕ್ಕು ಹಿಡಿಯುತ್ತದೆ ಎಂದು ಕೇಳಿದಾಗ ಬಾಯಿ ಬಿಟ್ಟರು. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಪುಟವನ್ನು ಮೂರು ಮನೆ ಮಾಡಿಸುತ್ತಿದ್ದೆ. ಒಂದರಲ್ಲಿ ಇಂಗ್ಲಿಷ್ ಪದ, ಒಂದರಲ್ಲಿ ಶಾಲೆಯ ಕನ್ನಡ ಪದ, ಮೂರನೆಯದರಲ್ಲಿ ಅವರು ಕಣ್ಣಾರೆ ಕಂಡದ್ದು. ಮೂರನೆಯ ಮನೆ ತುಂಬುವವರೆಗೆ ಮುಂದಿನ ಸಾಲಿಗೆ ಹೋಗಕೂಡದು. ನಿನಗೆ ಮೂರನೆಯ ಮನೆ ಮೊದಲೇ ತುಂಬಿದೆ. ನಿನ್ನ ಕಷ್ಟ ಹಿಂದಿನ ಎರಡು ಮನೆಗಳದ್ದು, ಅವು ಸುಲಭ.

ವೈಟ್‌ಫೀಲ್ಡ್_ವಾಸಿ | ಮಂಗಳವಾರ, ಮಧ್ಯಾಹ್ನ 1:25

ಮೇಷ್ಟ್ರೇ, ನೀವು ಹೇಳಿದ ರೀತಿ ನನಗೆ ಯಾರಾದ್ರೂ ಹೇಳಿದ್ದಿದ್ರೆ ಎಲೆಕ್ಟ್ರಾನಿಕ್ಸ್ ಪೇಪರಲ್ಲಿ ಬ್ಯಾಕ್ ಉಳೀತಿರಲಿಲ್ಲ. ಹಾಗಂತ ನನ್ನ ಮಾತು ಬದಲಾಯಿಸಲ್ಲ. ಕಟ್ಟೆಯ ಉದಾಹರಣೆ ಅರ್ಥ ಮಾಡ್ಕೊಂಡ ಮೇಲೆ ಅದನ್ನ ಇಂಗ್ಲಿಷಿನಲ್ಲಿ ಹೇಳೋಕೂ ಬರಬೇಕು. ತಂಗಿ, ಈ ವಾರ ಅದನ್ನ ಐದು ಸಾಲು ಇಂಗ್ಲಿಷಿನಲ್ಲಿ ಬರೆದು ಇಲ್ಲಿ ಹಾಕು. ನಾನು ತಿದ್ದಿ ಕೊಡ್ತೀನಿ. ಪ್ರತಿ ಭಾನುವಾರ ಹೀಗೆ ಒಂದು ಮಾಡೋಣ. ನಿನ್ನಂಥವರು ಇನ್ಯಾರಿದ್ರೂ ಬರೀರಿ.

ಕಡಲೆಕಾಯಿ_ಹೊಲ | ಗುರುವಾರ, ರಾತ್ರಿ 8:00

ಕೇಳಿದೆ.

ನಿನ್ನೆ ಲಂಚ್ ಬ್ರೇಕಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಸರ್ ನೋಡಿಬಿಟ್ರು, ‘ಏನಮ್ಮ’ ಅಂದ್ರು. ಕನ್ನಡದಲ್ಲೇ ಶುರು ಮಾಡಿದೆ, ನಡುವೆ ‘ಟೆಂಪರೇಚರ್’, ‘ವೋಲ್ಟೇಜ್’ ತಾವಾಗೇ ಬಂದವು. ಅಣ್ಣ ಹೇಳಿದ್ದು, ಕಟ್ಟೆ ಸೋರೋದು, ಎಲ್ಲಾ ಹೇಳಿದೆ. ಸರ್ ಪೂರ್ತಿ ಕೇಳಿಸಿಕೊಂಡ್ರು. ಕುರ್ಚಿ ಎಳೆದು ಕೂರು ಅಂದ್ರು. ಅವರ ಊರು ಮಧುಗಿರಿ ಕಡೆ, ಅವರೂ ಕನ್ನಡ ಮೀಡಿಯಂ. ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ‘ನಾನೂ ಕೇಳ್ತಿರಲಿಲ್ಲಮ್ಮ’ ಅಂದ್ರು.

ಇವತ್ತು ಕ್ಲಾಸಿಗೆ ಬಂದವರೇ ಬೋರ್ಡ್ ಮೇಲೆ ಎರಡು ಗ್ರಾಫ್ ಬರೆದ್ರು, ತಣ್ಣಗಿನ ಪ್ಯಾನೆಲ್ಲಿಂದು ಒಂದು, ಕಾದ ಪ್ಯಾನೆಲ್ಲಿಂದು ಒಂದು. ನನ್ನ ಹೆಸರು ಹೇಳಿ ‘ಇವಳ ಪ್ರಶ್ನೆ’ ಅಂದ್ರು. ಎಲ್ಲರೂ ತಿರುಗಿ ನೋಡಿದ್ರು. ಕರಾವಳಿಯ ಅಕ್ಕ, ಆ ನೋಟ ನಿಜವಾಗ್ಲೂ ಭಯ ಆಗುತ್ತೆ. ಆದರೆ ಅರ್ಧ ನಿಮಿಷ ಅಷ್ಟೇ ಇರುತ್ತೆ, ನಾನು ಎಣಿಸಿದೆ.

ಸರ್ ಒಂದು ಕೆಲಸ ಕೊಟ್ಟಿದ್ದಾರೆ. ‘ನೀನೇ ಅಳತೆ ಮಾಡಿ ತೋರಿಸು’ ಅಂತ. ಪಾರ್ಕಿನೊಳಗೆ ನಮ್ಮನ್ನ ಬಿಡಲ್ಲ. ಮನೇಲಿ ಕೊಟ್ಟಿಗೆ ದೀಪಕ್ಕೆ ಹಾಕಿದ 12 ವೋಲ್ಟಿನ ಸಣ್ಣ ಪ್ಯಾನೆಲ್ ಇದೆ. ಲ್ಯಾಬಿನಿಂದ ಮಲ್ಟಿಮೀಟರ್ ಕೊಟ್ಟಿದ್ದಾರೆ, ಸೋಮವಾರ ವಾಪಸ್ ಕೊಡಬೇಕು. ಮೇಷ್ಟ್ರೇ, ಹೇಗೆ ಮಾಡಲಿ? ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಳೆದ್ರೆ ಸಾಕಾ?

ಅತಿಥಿ_ಮೇಷ್ಟ್ರು | ಗುರುವಾರ, ರಾತ್ರಿ 10:40

ಹಾಗೆ ಅಳೆದರೆ ಬೆಳಕೂ ಬದಲಾಗುತ್ತದೆ, ಬಿಸಿಯೂ ಬದಲಾಗುತ್ತದೆ. ಯಾವುದರಿಂದ ಏನಾಯಿತು ತಿಳಿಯದು. ಬೆಳಕು ಒಂದೇ ಇರಬೇಕು, ಬಿಸಿ ಮಾತ್ರ ಬದಲಾಗಬೇಕು.

ಹೀಗೆ ಮಾಡಿ. ಮೋಡವಿಲ್ಲದ ದಿನ, ಹನ್ನೆರಡರ ಸುಮಾರಿಗೆ. ಪ್ಯಾನೆಲ್ಲಿನ ವೈರ್ ಬ್ಯಾಟರಿಯಿಂದ ಬಿಚ್ಚಿ. ಪ್ಯಾನೆಲ್ಲನ್ನು ಮನೆಯೊಳಗೆ ನೆರಳಿನಲ್ಲಿ ಒಂದು ಗಂಟೆ ಇಡಿ, ತಣ್ಣಗಾಗಲಿ. ಮೀಟರ್ ಡಿಸಿ ವೋಲ್ಟ್‌ನಲ್ಲಿ, 200ರ ರೇಂಜ್‌ನಲ್ಲಿ ಇರಲಿ, 20ಕ್ಕೆ ಇಟ್ಟರೆ ಸಾಲದೆ ಹೋಗಬಹುದು. ಬಿಸಿಲಿಗೆ ತಂದ ಕೂಡಲೇ ಮೊದಲ ರೀಡಿಂಗ್. ಪ್ಯಾನೆಲ್ ಅಲುಗಿಸಬೇಡಿ, ನಿಮ್ಮ ನೆರಳು ಬೀಳಬಾರದು. ನಿಮಿಷಕ್ಕೊಂದು ರೀಡಿಂಗ್, ಹತ್ತು ನಿಮಿಷ.

ಕಡಲೆಕಾಯಿ_ಹೊಲ | ಭಾನುವಾರ, ಮಧ್ಯಾಹ್ನ 2:15

ಅಣ್ಣ ಪ್ಯಾನೆಲ್ ಹಿಡಿದು ಅಂಗಳಕ್ಕೆ ತಂದ, ನಾನು ಮೀಟರ್, ಅಪ್ಪ ಮೊಬೈಲ್ ನೋಡ್ಕೊಂಡು ನಿಮಿಷ ಕೂಗಿದ್ರು. ಅಮ್ಮ ಕೋಳಿ ಓಡಿಸ್ತಾ ನಿಂತಿದ್ಲು, ನೆರಳು ಬೀಳಬಾರದು ಅಂತ.

ತಂದ ಕೂಡಲೇ 21.2 ವೋಲ್ಟ್. ಎರಡನೇ ನಿಮಿಷ 20.8. ಐದನೇ ನಿಮಿಷ 20.2. ಹತ್ತನೇ ನಿಮಿಷಕ್ಕೆ 19.7. ಆಮೇಲೆ ಹೆಚ್ಚು ಇಳೀಲಿಲ್ಲ. ಗಾಜು ಮುಟ್ಟಿ ನೋಡಿದ್ರೆ ಕೈ ಸುಡ್ತಿತ್ತು.

ಅಪ್ಪ ಇನ್ನೊಂದು ಸಲ ಮಾಡು ಅಂದ್ರು. ಇಳಿಯೋದನ್ನ ಕಣ್ಣಾರೆ ನೋಡಬೇಕಂತೆ. ಪ್ಯಾನೆಲ್ ಮತ್ತೆ ನೆರಳಲ್ಲಿ ಇಟ್ಟಿದ್ದೀವಿ, ತಣ್ಣಗಾಗ್ತಿದೆ.

ವೈಟ್‌ಫೀಲ್ಡ್ ಅಣ್ಣ, ಐದು ಸಾಲು ರಾತ್ರಿ ಹಾಕ್ತೀನಿ. ಭೀಮಾ ಅಕ್ಕ, ಶುಕ್ರವಾರದಿಂದ ಬಸ್ಸಿನಲ್ಲಿ ನಾವು ಮೂವರು ಸೇರ್ತಿದ್ದೀವಿ, ಕೊನೇ ಸೀಟು. ಮೇಷ್ಟ್ರೇ, ಒಂದು ಕೇಳೋದಿದೆ. ಬ್ಯಾಟರಿಯಿಂದ ಬಿಚ್ಚಿದ್ದಕ್ಕೆ ಇಷ್ಟು ವೋಲ್ಟೇಜ್ ಬಂತು. ಕೊಟ್ಟಿಗೆ ದೀಪ ಹಾಕಿ ಅಳೆದ್ರೂ ಇಷ್ಟೇ ಇಳಿಯುತ್ತಾ?